ದೋಣಿಯಮ್ಮನ ಜಾಗ

ಓಸೆ ದ್ವೀಪದಲ್ಲಿ ಹೊಸ ದೋಣಿ ಕೊಳ್ಳಬೇಕೆಂದವರು ಬ್ಯಾಂಕಿಗೆ ಹೋಗುವ ಮೊದಲು ಶಿಗೆಜೊನ ಮನೆಗೆ ಹೋಗುತ್ತಾರೆ. ಸಾಕೆ ಎಂಬ ಅಕ್ಕಿಮದ್ಯದ ಒಂದು ಬಾಟಲಿ ಮುಂದಿಟ್ಟು, ಸುತ್ತಿಗೆ ಹಿಡಿದುಕೊಂಡು ಒಂದು ಸಲ ಬಂದು ನೋಡಿ ಎಂದು ಕೇಳಿಕೊಳ್ಳುತ್ತಾರೆ. ಶಿಗೆಜೊ ಮೊದಲು ಬೆನ್ನು ಹಿಡಿದಿದೆ ಎನ್ನುತ್ತಾನೆ. ಆಮೇಲೆ, ಈಗಿನ ಕಾಲದ ದೋಣಿ ಈ ಮುದುಕನಿಗೆಲ್ಲಿ ಅರ್ಥವಾಗುತ್ತದೆ ಎನ್ನುತ್ತಾನೆ. ಮೂರನೆಯ ಸಲಕ್ಕೆ ಎದ್ದು ಗೂಡಿನಿಂದ ಸುತ್ತಿಗೆ ತೆಗೆಯುತ್ತಾನೆ. ಅವನನ್ನು ಕರೆಯದೆ ದೋಣಿ ಕೊಂಡವರ ಮೇಲೆ ವರ್ಷಗಟ್ಟಲೆ ಮುಖ ಊದಿಸಿಕೊಂಡಿರುತ್ತಾನೆ, ಅದು ಬೇರೆ ಮಾತು.

ಈ ಗತ್ತು ಅವನಿಗೆ ಸುಮ್ಮನೆ ಬಂದದ್ದಲ್ಲ. ಜಲಸಂಧಿಯ ಆಚೆ ದಡದಲ್ಲಿ ಉರಾಬೆಯವರು ದೋಣಿ ಕಟ್ಟುವ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಮರದ ದೋಣಿಗಳ ಕಾಲ ಮುಗಿದು ಫೈಬರ್ ಬಂದಾಗ, ಅಚ್ಚಿನೊಳಗೆ ಗಾಜುನಾರಿನ ಬಟ್ಟೆ ಹಾಸಿ, ರಾಳ ಸವರಿ, ಗಾಳಿಗುಳ್ಳೆ ಉಳಿಯದಂತೆ ರೋಲರಿನಿಂದ ಒತ್ತಿ, ಪದರದ ಮೇಲೆ ಪದರ ಕೂರಿಸಿದವನು. ಮರದಲ್ಲಿ ಗಂಟಿದ್ದರೆ ಗಂಟು ಕಾಣುತ್ತದೆ, ಬಿರುಕಿದ್ದರೆ ಬಿರುಕು ಕಾಣುತ್ತದೆ. ಫೈಬರ್ ಹಾಗಲ್ಲ. ಎಲ್ಲ ಹುಳುಕನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಹೊರಗೆ ಥಳಥಳ ಹೊಳೆಯುತ್ತಿರುತ್ತದೆ. ಅದಕ್ಕೇ ಸುತ್ತಿಗೆ ಬೇಕು. ಸುತ್ತಿಗೆಗಿಂತ ಹೆಚ್ಚಾಗಿ ಕಿವಿ ಬೇಕು.

ಕಳೆದ ಫೆಬ್ರವರಿಯಲ್ಲಿ ಚಿನಾಮಿ ಬಂದು ಕರೆದಾಗ ಮಾತ್ರ ಅವನು ಒಂದೇ ಮಾತಿಗೆ ಒಪ್ಪಿದ. ಚಿನಾಮಿ ಅವನ ಹಳೆಯ ಜೊತೆಗಾರ ಮೊಹೇಯ ಮಗಳು. ಮೊಹೇ ತೀರಿಕೊಂಡ ಮೇಲೆ ಅವಳ ಮದುವೆಯಲ್ಲಿ ಹಿರಿಯನ ಜಾಗದಲ್ಲಿ ಕೂತವನು ಶಿಗೆಜೊನೇ. ಅವಳು, ಅವಳ ಗಂಡ ಗೆಂತ ಇಬ್ಬರೂ ಒಂದೇ ದೋಣಿಯಲ್ಲಿ ಹೋಗಿ ಕಡಲಿಗೆ ಮಣ್ಣಿನ ಮಡಿಕೆ ಇಳಿಬಿಟ್ಟು ಆಕ್ಟೋಪಸ್ ಹಿಡಿಯುವವರು. ಹಳೆಯ ದೋಣಿ ಕೈಕೊಟ್ಟಿತ್ತು. ಉರಾಬೆಯವರ ಶೆಡ್ಡಿನಲ್ಲಿ ಹೊಸದೊಂದು ತಯಾರಾಗಿ ಸ್ಟ್ಯಾಂಡಿನ ಮೇಲೆ ಕೂತಿತ್ತು. ಮಾವ, ನೀವು ನೋಡಿ ಹೂಂ ಅಂದರೆ ರುಜು ಹಾಕುವುದು, ಇಲ್ಲದಿದ್ದರೆ ಇಲ್ಲ ಎಂದಳು ಅವಳು.

ಅವತ್ತು ಶಿಗೆಜೊ ಪರೀಕ್ಷಿಸಿದ ರೀತಿಯನ್ನು ನೋಡಬೇಕಿತ್ತು. ಶೆಡ್ಡಿನ ಬಾಗಿಲು ಅರ್ಧ ಮುಚ್ಚಿಸಿ, ಓರೆ ಬೆಳಕಿನಲ್ಲಿ ದೋಣಿಯ ಮೈಗೆ ಕೆನ್ನೆ ತಾಗಿಸಿ ನಿಂತ. ಮೈ ಸಪಾಟಾಗಿತ್ತು, ಎಲ್ಲೂ ಏರಿಳಿತವಿರಲಿಲ್ಲ, ಬಣ್ಣದ ಕೆಳಗಿನಿಂದ ನಾರಿನ ನೇಯ್ಗೆ ಮೂಡಿರಲಿಲ್ಲ. ಒಳಗಿಳಿದು ಮೂಸಿದ. ಹಸಿ ರಾಳದ ಘಾಟು ಇರಲಿಲ್ಲ. ಮೂಲೆಮೂಲೆಗೆ ಉಗುರು ಒತ್ತಿ ನೋಡಿದ, ಗುರುತು ಬೀಳಲಿಲ್ಲ. ನೀರಿನ ಕೊಳವೆ ಹಾಯಿಸಲು ತಳ ಕೊರೆದಾಗ ಬಂದ ಬಿಲ್ಲೆ ಎಲ್ಲಿ ಎಂದು ಕೇಳಿದ. ಶೆಡ್ಡಿನ ಈಗಿನ ಯಜಮಾನ ಮಿತ್ಸುಹಾರು, ಹಿರಿಯ ಉರಾಬೆಯ ಅಳಿಯ, ಆ ದುಂಡನೆಯ ಬಿಲ್ಲೆಯನ್ನು ಎತ್ತಿಟ್ಟಿದ್ದ. ಶಿಗೆಜೊ ಅದರ ಅಂಚನ್ನು ಬೆಳಕಿಗೆ ಹಿಡಿದು ಪದರಗಳನ್ನು ಎಣಿಸಿದ. ಒಂದು ಗುಳ್ಳೆಯೂ ಇರಲಿಲ್ಲ. ಮಿತ್ಸುಹಾರುವಿನ ಮುಖ ಅರಳಿತು. ಮಧ್ಯಾಹ್ನ ಎಲ್ಲರಿಗೂ ಹಾವುಮೀನು ಹಾಕಿದ ಅನ್ನ ತರಿಸಿದ.

ಊಟವಾದ ಮೇಲೆ ಸುತ್ತಿಗೆ ಹೊರಬಂತು. ಮಗುವಿನ ಮುಷ್ಟಿಯಷ್ಟು ತಲೆಯ ಮರದ ಸುತ್ತಿಗೆ. ಮೂತಿಯಿಂದ ಶುರುಮಾಡಿ ಗೇಣು ಗೇಣಿಗೆ ಬಡಿಯುತ್ತ ಬಂದ. ಟಣ್, ಟಣ್, ಟಣ್. ಒಳಗಿಳಿದಾಗ ಚಿನಾಮಿ ಟಾರ್ಚ್ ಹಿಡಿದಳು. ಮಿತ್ಸುಹಾರು ಫೋನು ಬಂತೆಂದು ಹೊರಗೆ ಹೋಗಿದ್ದ. ಎಂಜಿನ್ ಕೂರುವ ಉದ್ದನೆಯ ದಿಮ್ಮಿಗಳು ತಳಕ್ಕೆ ಅಂಟಿಕೊಳ್ಳುವ ಮೂಲೆಯಲ್ಲಿ, ಎಡಗಡೆ, ಸುತ್ತಿಗೆ ಪೊಳ್ಳಾಗಿ ಡಬ್ ಎಂದಿತು. ಇನ್ನೊಮ್ಮೆ ಬಡಿದ. ಡಬ್. ಅಂಗೈ ಎರಡರಷ್ಟು ಅಗಲದ ಜಾಗ.

"ಮಾವ, ಇಲ್ಲಿ ಸದ್ದು ಬೇರೆ ಥರ ಇದೆಯಲ್ಲ?" ಎಂದಳು ಚಿನಾಮಿ.

ಶಿಗೆಜೊ ಸುತ್ತಿಗೆ ತೆಗೆದ. ಆ ಸದ್ದು ಏನೆಂದು ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿದೆಯೆಂದು ಅವನು ಅಂದುಕೊಂಡಿದ್ದ. ಪ್ರತಿ ದೋಣಿಯ ಒಳಗೂ ಫುನಾದಾಮ ಇರುತ್ತಾಳೆ, ದೋಣಿಯನ್ನು ಕಾಯುವ ಅಮ್ಮ. ಅವಳೆಂದರೆ ಕಾಗದದ ಗಂಡುಹೆಣ್ಣು ಬೊಂಬೆ, ಎರಡು ದಾಳ, ಹನ್ನೆರಡು ಕಾಸು, ಐದು ಬಗೆಯ ಕಾಳು, ಮನೆಯ ಹೆಂಗಸಿನ ಒಂದೆಳೆ ಕೂದಲು. ಹಿರಿಯ ಉರಾಬೆ ಎಲ್ಲರನ್ನೂ ಶೆಡ್ಡಿನಿಂದ ಹೊರಗೆ ಕಳಿಸಿ, ಒಬ್ಬನೇ ಕೂತು, ಎಂಜಿನ್ ದಿಮ್ಮಿಯ ಬದಿಯಲ್ಲಿ ಸಣ್ಣ ಗೂಡು ಬಿಟ್ಟು, ಅವಳನ್ನು ಒಳಗಿಟ್ಟು ಮೇಲೆ ನಾರು ರಾಳ ಹಾಕಿ ಮುಚ್ಚುತ್ತಿದ್ದ. ಸರಿಯಾಗಿ ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವುದೆಂದರೆ ಹೆರಿಗೆ ಕೋಣೆಗೆ ಇಣುಕಿದ ಹಾಗೆ.

"ಅದನ್ನೆಲ್ಲ ಹೆಂಗಸರು ಕೇಳಬಾರ್ದು," ಎಂದ ಶಿಗೆಜೊ. "ಅದು ದೋಣಿಯಮ್ಮನ ಜಾಗ. ನಿಮ್ಮಪ್ಪ ಇದ್ದಿದ್ರೆ ನಿನ್ನ ತಲೆಗೆ ಒಂದು ಮೊಟಕ್ತಿದ್ದ. ಟಾರ್ಚ್ ಆ ಕಡೆ ಹಿಡಿ."

ಚಿನಾಮಿಯ ಕಿವಿ ಕೆಂಪಗಾಯಿತು. ತಲೆ ತಗ್ಗಿಸಿ ಟಾರ್ಚ್ ತಿರುಗಿಸಿದಳು. ಶಿಗೆಜೊ ಆ ಜಾಗಕ್ಕೆ ಒಮ್ಮೆ ಕೈಮುಗಿದು ಮುಂದಕ್ಕೆ ಬಡಿಯುತ್ತ ಹೋದ. ಸಂಜೆ, ಇಂಥ ದೋಣಿ ಹತ್ತು ವರ್ಷದಲ್ಲಿ ನೋಡಿಲ್ಲ ಎಂದು ಎಲ್ಲರೆದುರು ಸಾರಿದ. ಚಿನಾಮಿ ರುಜು ಹಾಕಿದಳು.

ಏಪ್ರಿಲಿನಲ್ಲಿ ದೋಣಿ ನೀರಿಗಿಳಿಯಿತು. ದ್ವೀಪದಿಂದ ಮೂವತ್ತು ಜನ ದಾಟಿ ಬಂದಿದ್ದರು. ಬಣ್ಣಬಣ್ಣದ ಬಾವುಟ ಕಟ್ಟಿ, ದೋಣಿಯ ಮೇಲಿನಿಂದ ಅಕ್ಕಿಹಿಟ್ಟಿನ ಕೆಂಪು ಬಿಳಿ ಉಂಡೆಗಳನ್ನು ಎರಚಿದರು. ಹೆಂಗಸರು ಏಪ್ರನ್ನು ಒಡ್ಡಿ ನಿಂತು ನಗುನಗುತ್ತ ಆರಿಸಿದರು. ಶಿಗೆಜೊ ಇದ್ದ ಒಂದೇ ಕೋಟು ಹಾಕಿಕೊಂಡು ದೊಡ್ಡ ಮನುಷ್ಯನ ಹಾಗೆ ಮುಂದೆ ನಿಂತಿದ್ದ. ಅಷ್ಟರಲ್ಲಿ ಮಿತ್ಸುಹಾರು ಚಿನಾಮಿಯನ್ನು ಚುಕ್ಕಾಣಿಯ ಕೋಣೆಗೆ ಕರೆದ. ಶಿಗೆಜೊ ಹಿಂದೆಯೇ ಇದ್ದ.

ಕೋಣೆಯ ಹಲಗೆಯ ಮೇಲೆ ಒಂದು ಚಿಕ್ಕ ಮರದ ಪೆಟ್ಟಿಗೆ ಇತ್ತು. ಮಿತ್ಸುಹಾರು ಅದರ ಮುಂದೆ ತಲೆಬಾಗಿ, ಇಲ್ಲಿ ನಿಮ್ಮ ದೋಣಿಯಮ್ಮ ಇದ್ದಾಳೆ, ನೀವು ಕೊಟ್ಟ ಕೂದಲೂ ಒಳಗಿದೆ, ತಿಂಗಳಿಗೊಮ್ಮೆ ಉಪ್ಪು, ಅಕ್ಕಿ ಇಡಿ ಎಂದ. ಹಿರಿಯರ ಬೆರಳು ಸೊಟ್ಟಗಾಗಿ ಏಳು ವರ್ಷವಾಯಿತು, ಅವತ್ತಿನಿಂದ ತಳದಲ್ಲಿ ಇಡುವುದನ್ನು ಬಿಟ್ಟೆವು, ಎಲ್ಲ ದೋಣಿಗೂ ಹೀಗೇ ಎಂದ.

ಶಿಗೆಜೊ ಪೆಟ್ಟಿಗೆಯನ್ನೇ ನೋಡಿದ. ದೋಣಿಯಮ್ಮ ಇಲ್ಲಿ ಮೇಲೆ ಕೂತಿದ್ದರೆ, ಕೆಳಗೆ ಡಬ್ ಎಂದದ್ದು ಯಾರು?

ಆಗಲೇ ಬಾಯಿ ಬಿಡಬೇಕಿತ್ತು. ಬಾಯಿ ಬಿಡುವುದಕ್ಕೆ ಏನು ಕಷ್ಟ? ಇಲ್ಲಿ ನಿಲ್ಲಿಸಿ, ದೋಣಿ ಮೇಲೆತ್ತಿ ಎಂದರೆ ಸಾಕಿತ್ತು. ಆದರೆ ನೀರಿಗಿಳಿದ ದೋಣಿಯನ್ನು ಅದೇ ದಿನ ಮೇಲೆತ್ತುವುದು ಅಪಶಕುನ ಎಂದು ತಾನೇ ತನಗೆ ಹೇಳಿಕೊಂಡ. ಹಿರಿಯ ಉರಾಬೆ ಗಾಲಿಕುರ್ಚಿಯಲ್ಲಿ ಕೂತು ನಗುತ್ತಿದ್ದಾನೆ, ಅವನ ಮಾನ ಹೋಗುತ್ತದೆ ಎಂದುಕೊಂಡ. ಅದೆಲ್ಲ ಸುಳ್ಳು. ಮೂವತ್ತು ಜನರೆದುರು ತನ್ನ ಸುತ್ತಿಗೆಯ ಮಾನ ಹೋಗುವುದು ಅವನಿಗೆ ಬೇಕಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ಸರಿಯಾಗಿಯೇ ಕೇಳಿದ್ದಳು, ತಾನು ಅವಳ ಬಾಯಿ ಮುಚ್ಚಿಸಿದ್ದೆ ಎಂದು ಒಪ್ಪಿಕೊಳ್ಳಲು ನಾಲಿಗೆ ಹೊರಳಲಿಲ್ಲ.

ದೋಣಿ ಪದ್ಧತಿಯಂತೆ ಬಂದರಿನಲ್ಲಿ ಬಲಕ್ಕೆ ಮೂರು ಸುತ್ತು ಸುತ್ತಿ ದ್ವೀಪದ ಕಡೆ ಮೂತಿ ತಿರುಗಿಸಿತು. ಒಳಗೆ ಒಂಬತ್ತು ಜನ. ಅದರಲ್ಲಿ ಚಿನಾಮಿಯ ಎಂಟು ವರ್ಷದ ಮಗಳು ಕೊಹರು. ಹಿರಿಯರೆಂದು ಶಿಗೆಜೊನನ್ನು ನಡುವೆ, ಎಂಜಿನ್ ಪೆಟ್ಟಿಗೆಯ ಮೇಲೆ ದಿಂಬು ಹಾಕಿ ಕೂರಿಸಿದ್ದರು. ನಲವತ್ತು ನಿಮಿಷದ ದಾರಿ. ಜಲಸಂಧಿಯ ನಡುವೆ ಸೆಳೆತಗಳು ಕೂಡುವ ಕಡೆ ದೋಣಿ ಎದ್ದು ಬಿದ್ದಾಗಲೆಲ್ಲ ಅವನು ಹಲಗೆಯ ಮೇಲೆ ಅಂಗೈ ಒತ್ತಿ ಕೂತ. ಕೊಹರು ಅವನ ತೋಳಿಗೆ ಜೋತುಬಿದ್ದು, ತಾತ, ನೀವು ಬಡಿದ ದೋಣಿ ಮುಳುಗೋದೇ ಇಲ್ವಂತೆ, ಅಮ್ಮ ಹೇಳಿದ್ಲು ಎಂದಳು. ಅವನು ಹೂಂ ಎಂದ. ಹೌದು, ಹೂಂ ಎಂದ. ಆ ಹೂಂ ಅನ್ನು ಅವನು ಸಾಯುವವರೆಗೂ ಮರೆಯುವಂತಿಲ್ಲ.

ಮರುದಿನ ಚಿನಾಮಿ ಮನೆಗೆ ಬಂದು ಕೃತಜ್ಞತೆಗೆಂದು, ಶುಭಕಾರ್ಯಕ್ಕೆ ಕೊಡುವ ಒಂದು ಕೆಂಪು ತಾಯ್ ಮೀನು ಕೊಟ್ಟು ಹೋದಳು. ಶಿಗೆಜೊನ ಹೆಂಡತಿ ಸಾದಾಯೆ ಅದನ್ನು ಇಡಿಯಾಗಿ ಉಪ್ಪು ಸವರಿ ಸುಟ್ಟಳು. ಅವನು ಮುಟ್ಟಲಿಲ್ಲ. ಸಾದಾಯೆ ಐವತ್ತು ವರ್ಷದಿಂದ ಇವನ ಆಟವನ್ನೆಲ್ಲ ನೋಡಿದವಳು, ಮುಖ ನೋಡಿಯೇ ಹೊಟ್ಟೆಯೊಳಗಿನದನ್ನು ಹೇಳುವವಳು.

"ಮೀನು ಏನ್ ತಪ್ಪು ಮಾಡಿದೆ ಅಂತ ಅದರ ಮುಖಾನೂ ನೋಡ್ತಿಲ್ಲ?" ಎಂದಳು.

ಅವನು ಎಲ್ಲವನ್ನೂ ಹೇಳಿದ. ಒಂದೇ ದಿನವಾಯಿತು, ಏನೂ ಆಗಿಲ್ಲವಲ್ಲ, ಸದ್ದು ನನಗೇ ತಪ್ಪಾಗಿ ಕೇಳಿಸಿರಬಹುದು ಎಂದೂ ಸೇರಿಸಿದ. ಸಾದಾಯೆ ಚಾಪ್‌ಸ್ಟಿಕ್ ಕೆಳಗಿಟ್ಟಳು. ನಾಳೆ ಬೆಳಗ್ಗೆ ಅವರಿಬ್ಬರೂ ಮಡಿಕೆ ಹೇರಿಕೊಂಡು ಮೊದಲ ಸಲ ಹೋಗುತ್ತಾರೆ, ಇನ್ನೂರು ಮಡಿಕೆಯ ಭಾರ, ನಿಮಗೆ ಗೊತ್ತು ತಾನೆ ಎಂದಷ್ಟೇ ಕೇಳಿದಳು. ಬೈದಿದ್ದರೆ ವಾಸಿಯಿತ್ತು.

ಬೆಳಗ್ಗೆ ಐದೂವರೆಗೆ ಶಿಗೆಜೊ ದೋಣಿ ನಿಲ್ಲುವ ಕಟ್ಟೆಯ ಮೇಲಿದ್ದ. ಗೆಂತ ಮಡಿಕೆ ಹೇರಿ ಮುಗಿಸಿದ್ದ. ಎಂಜಿನ್ ಗುರುಗುಡುತ್ತಿತ್ತು. ಚಿನಾಮಿ ಹಗ್ಗ ಬಿಚ್ಚುತ್ತಿದ್ದಳು. ಮಾವ ಹರಸಲು ಬಂದರೆಂದು ಅವಳು ನಕ್ಕಳು.

"ಗೆಂತ, ಎಂಜಿನ್ ಆರಿಸು," ಎಂದ ಶಿಗೆಜೊ. "ಈ ದೋಣಿ ಹೋಗೋ ಹಾಗಿಲ್ಲ. ಅವತ್ತು ಡಬ್ ಅಂದಿದ್ದು ದೋಣಿಯಮ್ಮನ ಜಾಗ ಅಲ್ಲ. ಅಲ್ಲಿ ಅಂಟು ಬಿಟ್ಟಿದೆ. ಮೊನ್ನೆ ಪೆಟ್ಟಿಗೆ ನೋಡಿದಾಗ್ಲೇ ನನಗೆ ಗೊತ್ತಾಯ್ತು. ಗೊತ್ತಾದ ಮೇಲೂ ನಿನ್ನ ಮಗಳ ಪಕ್ಕ ಕೂತು ದಾಟಿ ಬಂದೆ. ಬಾಯಿ ಬಿಡ್ಲಿಲ್ಲ."

ಗೆಂತ ಎಂಜಿನ್ ಆರಿಸಿದ. ಚಿನಾಮಿ ಹಗ್ಗವನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಬೈಯುತ್ತಾಳೆಂದು ಶಿಗೆಜೊ ಕಾದ. ಬೈಗುಳಕ್ಕೆ ಸಿದ್ಧನಾಗಿಯೇ ಬಂದಿದ್ದ.

"ಅವತ್ತು ಕೇಳಿದ್ದಕ್ಕೆ ನನಗೇ ನಾಚಿಕೆ ಆಗಿತ್ತು ಮಾವ," ಎಂದಳು ಅವಳು ನಿಧಾನವಾಗಿ. "ಮನೆಗೆ ಹೋಗಿ, ತಪ್ಪಾಯ್ತು ತಾಯಿ ಅಂತ ಕೈಮುಗಿದೆ. ಎರಡು ತಿಂಗಳು ದಿನಾ ಮುಗಿದಿದ್ದೀನಿ."

ಶಿಗೆಜೊ ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ಕೂತ. ಅವಳು ಹೇಳಬಹುದಾದ ಎಲ್ಲ ಮಾತನ್ನೂ ಅವನು ರಾತ್ರಿಯೆಲ್ಲ ಯೋಚಿಸಿದ್ದ. ಇದೊಂದನ್ನು ಯೋಚಿಸಿರಲಿಲ್ಲ.

ಮಡಿಕೆಗಳನ್ನೆಲ್ಲ ಇಳಿಸಿ, ಬೇರೊಂದು ದೋಣಿಗೆ ಕಟ್ಟಿ ಎಳೆಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಉರಾಬೆಯವರ ಶೆಡ್ಡು ತಲುಪಿದರು. ಕ್ರೇನು ದೋಣಿಯನ್ನು ಮೇಲೆತ್ತಿತು. ಮಿತ್ಸುಹಾರು ಮೊದಲು ನಂಬಲಿಲ್ಲ. ಬಿಲ್ಲೆ ನೋಡಿದ್ದೀರಲ್ಲ, ನೀವೇ ಹೊಗಳಿದ್ದೀರಲ್ಲ ಎಂದ. ಬಿಲ್ಲೆ ಹೇಳುವುದು ಬಿಲ್ಲೆ ಇದ್ದ ಜಾಗದ ಕಥೆಯನ್ನು ಮಾತ್ರ ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವನು ಶಿಗೆಜೊನೇ.

ಮಿತ್ಸುಹಾರು ಎಂಜಿನ್ ದಿಮ್ಮಿಯ ಎಡಮೂಲೆಯನ್ನು ಕಟ್ಟರಿನಿಂದ ಕೊಯ್ದ. ಮೇಲಿನ ಎರಡು ಪದರ ಗಟ್ಟಿಯಾಗಿತ್ತು. ಅದರ ಕೆಳಗೆ ನಾರು ಬೆಳ್ಳಗೆ, ಒಣಗಿ, ರಾಳವನ್ನು ಕುಡಿಯದೆ ಹತ್ತಿಯ ಹಾಗೆ ಉಳಿದಿತ್ತು. ಉಳಿ ಇಟ್ಟರೆ ಹಿಡಿಯವರೆಗೂ ಒಳಗೆ ಹೋಯಿತು. ದಿಮ್ಮಿ ತಳಕ್ಕೆ ಅಂಟಿಕೊಂಡೇ ಇರಲಿಲ್ಲ, ಸುಮ್ಮನೆ ಒರಗಿ ನಿಂತಿತ್ತು. ಒಂದು ಹಂಗಾಮು ಎಂಜಿನ್ ಅದುರಿ, ಒಂದು ದಿನ ಸೆಳೆತದ ನಡುವೆ ಅಲೆ ಎತ್ತಿ ಹಾಕಿದ್ದರೆ, ತಳ ಬಾಯಿ ಬಿಡುತ್ತಿತ್ತು. ಚಳಿಗಾಲದಲ್ಲಿ ರಾಳ ಮಂದವಾಗುತ್ತದೆ, ಆ ಮೂಲೆಗೆ ಕೈ ಹೋಗುವುದು ಕಷ್ಟ ಎಂದು ಮಿತ್ಸುಹಾರು ತೊದಲಿದ. ಆಮೇಲೆ ತೊದಲುವುದನ್ನು ಬಿಟ್ಟು ಸಿಮೆಂಟು ನೆಲದ ಮೇಲೆ ಮಂಡಿಯೂರಿ ಚಿನಾಮಿಯ ಮುಂದೆ ಹಣೆ ತಾಗಿಸಿದ. ಪೂರ್ತಿ ಕಿತ್ತು ಹೊಸದಾಗಿ ಹಾಕಿಕೊಡುತ್ತೇನೆ ಎಂದ.

ಶಿಗೆಜೊ ಅವನ ಪಕ್ಕದಲ್ಲೇ ಮಂಡಿಯೂರಿದ. ಮಂಡಿ ಬಗ್ಗಲು ಹೊತ್ತು ಹಿಡಿಯಿತು. ಗಾಲಿಕುರ್ಚಿಯಲ್ಲಿದ್ದ ಹಿರಿಯ ಉರಾಬೆ ತನ್ನ ಸೊಟ್ಟ ಬೆರಳುಗಳನ್ನು ನೋಡಿಕೊಳ್ಳುತ್ತ, ದೋಣಿಯಮ್ಮನ ಜಾಗ ಬದಲಾದದ್ದು ನಿನಗೆ ಗೊತ್ತಿದೆ ಅಂದುಕೊಂಡಿದ್ದೆ ಶಿಗೆ, ನೀನು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ ಎಂದ. ಕೇಳಬಾರದು ಎಂದು ಇಬ್ಬರೂ ಒಬ್ಬನೇ ಗುರುವಿನಿಂದ ಕಲಿತಿದ್ದರು.

ಚಿನಾಮಿ ಇಬ್ಬರನ್ನೂ ಏಳಿ ಎಂದಳು. ತಪ್ಪು ಒಪ್ಪಿಕೊಂಡ ಮೇಲೆ ಮನಸ್ಸು ಒಂದಿಷ್ಟು ಹಗುರಾಗುತ್ತದಲ್ಲ, ಶಿಗೆಜೊನಿಗೂ ಹಾಗೇ ಆಗುತ್ತಿತ್ತು. ಚಹ ಬಂತು. ಅವನು ಬಟ್ಟಲು ಎತ್ತಿ ಇನ್ನೇನು ಬಾಯಿಗಿಡಬೇಕು, ಅಷ್ಟರಲ್ಲಿ ಚಿನಾಮಿ ತಗ್ಗಿದ ದನಿಯಲ್ಲಿ ಕೇಳಿದಳು.

"ಮಾವ, ಏಳು ವರ್ಷದಿಂದ ಅಮ್ಮ ಮೇಲಿನ ಪೆಟ್ಟಿಗೇಲಿ ಇದ್ದಾಳೆ ಅಂದ್ರು. ಈ ಏಳು ವರ್ಷದಲ್ಲಿ ಬೇರೆ ಯಾವ ದೋಣೀಲಿ ನಿಮಗೆ ಈ ಸದ್ದು ಸಿಕ್ಕಿತ್ತು?"

ಬಟ್ಟಲು ಕೈಯಲ್ಲೇ ಉಳಿಯಿತು. ಈ ಏಳು ವರ್ಷದಲ್ಲಿ ಉರಾಬೆಯವರ ಶೆಡ್ಡಿನಿಂದ ದ್ವೀಪಕ್ಕೆ ಬಂದ ದೋಣಿಗಳು ಒಂದೊಂದಾಗಿ ಅವನ ಕಣ್ಣ ಮುಂದೆ ಹಾದುಹೋದವು. ಒಂದು ಟಣ್. ಇನ್ನೊಂದೂ ಟಣ್. ಅಮ್ಮನ ಗೂಡು ಸುತ್ತಿಗೆ ಮುಟ್ಟದ ಕಡೆ ಇದೆಯೆಂದು ಅವನು ಅಂದುಕೊಂಡಿದ್ದ. ಎಲ್ಲವೂ ಅವನ ಕಿವಿಯಲ್ಲಿ ಇದ್ದವು, ಅವನ ಕಿವಿ ಯಾವುದನ್ನೂ ಮರೆಯುವುದಿಲ್ಲ. ಆರು ವರ್ಷದ ಹಿಂದೆ, ಒಂದೇ ಒಂದು ದೋಣಿಯಲ್ಲಿ, ಇದೇ ಎಡಮೂಲೆಯಲ್ಲಿ, ಡಬ್. ಅವತ್ತೂ ಅವನು ಕೈಮುಗಿದಿದ್ದ. ಅದು ದ್ವೀಪದ ಮಕ್ಕಳನ್ನು ದಿನಾ ಈಚೆ ದಡದ ಶಾಲೆಗೆ ದಾಟಿಸುವ ದೋಣಿ.

ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ನಾಲ್ಕಕ್ಕೆ ಶಾಲೆಯ ದೋಣಿ ಬಿಡುತ್ತದೆ. ಈ ದಡದ ಕಟ್ಟೆ ಶೆಡ್ಡಿನಿಂದ ಮುನ್ನೂರು ಹೆಜ್ಜೆ. ಶಿಗೆಜೊ ಬಟ್ಟಲು ಎಲ್ಲಿಟ್ಟನೋ ಅವನಿಗೇ ಗೊತ್ತಿಲ್ಲ. ಬೆನ್ನುನೋವೆಂದು ಊರಿಗೆಲ್ಲ ಸಾರುತ್ತಿದ್ದ ಮುದುಕ ಸುತ್ತಿಗೆ ಹಿಡಿದುಕೊಂಡು ಓಡಿದ. ಚಿನಾಮಿ ಅವನನ್ನು ದಾಟಿ ಮುಂದೆ ಓಡಿದಳು.

ಹದಿನಾಲ್ಕು ಮಕ್ಕಳು ಹಳದಿ ಟೋಪಿ ಹಾಕಿಕೊಂಡು ಒಳಗೆ ಕೂತಾಗಿತ್ತು. ಕೊಹರು ಕಿಟಕಿಯಿಂದ ಕೈಬೀಸಿದಳು. ದೋಣಿ ನಡೆಸುವ ಯಾಸುಕೆ ಹಗ್ಗ ಬಿಚ್ಚಲು ಬಗ್ಗಿದ್ದ. ಶಿಗೆಜೊ ಏದುಸಿರು ಬಿಡುತ್ತ ಹತ್ತುವ ಹಲಗೆಯ ಮೇಲೆ ಅಡ್ಡ ನಿಂತು, ಮಕ್ಕಳನ್ನು ಇಳಿಸು ಎಂದ. ಯಾಸುಕೆಗೆ ನಗು ಬಂತು.

"ಆರು ವರ್ಷದಿಂದ ಓಡಿಸ್ತಿದ್ದೀನಿ, ಒಂದು ತೊಟ್ಟು ನೀರು ಒಳಗೆ ಬಂದಿಲ್ಲ. ನೀವೇ ಬಡಿದು ಚೆನ್ನಾಗಿದೆ ಅಂದಿದ್ದ ದೋಣಿ ಅಲ್ವಾ ಇದು? ಈಗ ಏನಾಯ್ತು?"

"ಅವತ್ತು ಸದ್ದು ನನ್ನ ಕಿವಿಗೆ ಬಿದ್ದಿತ್ತು ಯಾಸುಕೆ," ಎಂದ ಶಿಗೆಜೊ. ಕಟ್ಟೆಯ ಮೇಲಿದ್ದ ಜನ, ಮೇಷ್ಟ್ರು, ಎಲ್ಲರಿಗೂ ಕೇಳುವಂತೆ ಹೇಳಿದ. "ನಾನು ಕೈಮುಗಿದು ಸುಮ್ಮನಾದೆ. ತಪ್ಪು ನಂದು. ಮಕ್ಕಳನ್ನ ಇಳಿಸು."

ಮಕ್ಕಳು ಒಬ್ಬೊಬ್ಬರಾಗಿ ಅವನ ಪಕ್ಕದಲ್ಲೇ ಹಾದು ಕಟ್ಟೆಗಿಳಿದರು. ಅವನು ಅವರ ಮುಖ ನೋಡಲಿಲ್ಲ, ಪುಟ್ಟ ಬೂಟುಗಳನ್ನಷ್ಟೇ ನೋಡಿದ. ಕೊನೆಯ ಜೊತೆ ಬೂಟು ಇಳಿದ ಮೇಲೆ ಯಾಸುಕೆ ಎಂಜಿನ್ ಆರಿಸಿ ತಳದ ಹಲಗೆ ಎತ್ತಿದ. ಶಿಗೆಜೊ ಒಳಗಿಳಿಯಲು ಹೊರಟ. ಚಿನಾಮಿ ಅವನ ಮುಂದೆ ಕೈ ಚಾಚಿದಳು. ನಲವತ್ತು ವರ್ಷದಿಂದ ಇನ್ನೊಬ್ಬರ ಕೈಗೆ ಹೋಗದ ಸುತ್ತಿಗೆಯನ್ನು ಅವನು ಅವಳ ಅಂಗೈಯಲ್ಲಿಟ್ಟ.

ಅವಳು ಕೆಳಗಿಳಿದು ಬಲಮೂಲೆಯನ್ನು ಬಡಿದಳು. ಟಣ್. ಎಡಮೂಲೆಯನ್ನು ಬಡಿದಳು. ಅವಳು ಇನ್ನೊಮ್ಮೆ ಬಡಿದಳು. ಆಮೇಲೆ ತಲೆಯೆತ್ತಿ ಅವನನ್ನು ನೋಡಿ, "ಇದು ಏನ್ ಸದ್ದು ಮಾವ?" ಎಂದಳು.

"ಅಲ್ಲಿ ಅಂಟಿಲ್ಲ ಮಗಳೇ," ಎಂದ ಶಿಗೆಜೊ.